ಪಲ್ಲವಿ ಬಂತು, ಚರಣ ಬರಲಿಲ್ಲ

ಮೈಸೂರಿನ ಒಂಟಿಕೊಪ್ಪಲಿನ ರಾಯರ ಫೋನಿಗೆ ಎಲ್ಲ ಹಾಡುಗಳ ಪಲ್ಲವಿಯೂ ಬರುತ್ತದೆ, ಚರಣ ಮಾತ್ರ ಬರುವುದಿಲ್ಲ. ಪಿ.ಬಿ. ಶ್ರೀನಿವಾಸರು ಪಲ್ಲವಿ ಮುಗಿಸಿ, ಪಿಟೀಲಿನವರೆಲ್ಲ ಸೇರಿ ಒಂದು ಸುತ್ತು ನುಡಿಸಿ, ಇನ್ನೇನು ಚರಣ ಎತ್ತಿಕೊಳ್ಳಬೇಕು ಎನ್ನುವಷ್ಟರಲ್ಲಿ ಫೋನು ಗಪ್‌ಚಿಪ್. ಆ ಹೊತ್ತಿನಲ್ಲಿ ರಾಯರು ಮಾಡಿದ ಮಹಾಪರಾಧವಾದರೂ ಏನು? ಇ-ಪೇಪರ್ ತೆರೆದಿದ್ದರು. ಇಲ್ಲವೇ ನಿವೃತ್ತ ಬ್ಯಾಂಕ್ ನೌಕರರ ವಾಟ್ಸ್‌ಆ್ಯಪ್ ಗುಂಪಿಗೆ ದಾಸವಾಳದ ಫೋಟೊ ಹಾಕಲು ಹೋಗಿದ್ದರು. ಇಲ್ಲವೇ ಏನೂ ಮಾಡದೆ, ಫೋನನ್ನು ಜೇಬಿಗಿಳಿಸಿ ಚೆಲುವಾಂಬ ಪಾರ್ಕಿನಲ್ಲಿ ನಡೆಯುತ್ತಿದ್ದರು.

ಇಂಥ ಕಾಯಿಲೆಗೆ ಊರಲ್ಲಿ ವೈದ್ಯರಿಗೇನೂ ಬರವಿಲ್ಲ. ಪಕ್ಕದ ಮನೆಯವರು “ವೈರಸ್ ಇರ್ಬೇಕು ಸಾರ್” ಎಂದರು. ಯೋಗದ ಕ್ಲಾಸಿನ ಗೆಳೆಯರು “ಆಫ್ ಮಾಡಿ ಆನ್ ಮಾಡಿ, ಎಲ್ಲಾ ಸರಿಹೋಗತ್ತೆ” ಎಂದರು. ಅಳಿಯ ಒಂದೇ ಮಾತಿನಲ್ಲಿ “ಹೊಸ ಫೋನ್ ತಗೊಳ್ಳಿ ಮಾವ” ಎಂದು ಮುಗಿಸಿದ. ಸರ್ವಿಸ್ ಸೆಂಟರಿನ ಹುಡುಗಿ ಫ್ಯಾಕ್ಟರಿ ರೀಸೆಟ್ ಮಾಡಿಸಿಬಿಡಿ ಎಂದಳು. ಅದರಿಂದ ಮೊಮ್ಮಗಳ ಫೋಟೊಗಳೂ ಹೋಗುತ್ತವೆ ಎಂಬುದು ಆಮೇಲೆ ಬಂದ ಮಾತು. ರಾಯರ ಹೆಂಡತಿಯ ತೀರ್ಪು ಬೇರೆಯೇ: “ಹಾಡು ಕೇಳೋರು ಹಾಡು ಕೇಳ್ಬೇಕು. ಅದರ ಜೊತೆ ಇನ್ನೊಂದು ಯಾಕ್ರೀ?” ಹೀಗೆ ಹೇಳುವಾಗ ಆಕೆ ಟ್ರಾನ್ಸಿಸ್ಟರ್ ಹಚ್ಚಿಕೊಂಡು, ಒಂದು ಕಣ್ಣು ಹಾಲಿನ ಪಾತ್ರೆಯ ಮೇಲಿಟ್ಟು, ಅವರೆಕಾಳು ಹಿಸುಕುತ್ತಿದ್ದರು.

ಅಲ್ಲೇ ಇರುವುದು ವಿಷಯ. ಹಾಡು ಕೇಳುವುದೆಂದರೆ ನಮ್ಮಲ್ಲಿ ಯಾವತ್ತೂ ಇನ್ನೊಂದು ಕೆಲಸದ ಜೊತೆಗೇ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದಗಳು ಕೈ ಕೆಲಸದಲ್ಲಿದ್ದಾಗಲೇ ಹುಟ್ಟಿದವು. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂದು ಒಟ್ಟುಮಾಡಿದ ತ್ರಿಪದಿಗಳಲ್ಲಿ ಎಷ್ಟೋ ಪಾಲು ಬೀಸುಕಲ್ಲಿನ ಮುಂದೆ ಕೂತವರ ಬಾಯಿಂದ ಬಂದವು. ಸಭೆಯಲ್ಲಿ ಕೂತು ತಾಳ ಹಾಕುತ್ತಾ ಕೇಳುವವರು ಯಾವಾಗಲೂ ಕೆಲವರೇ. ಉಳಿದವರೆಲ್ಲ ಸಾರಿಗೆ ಒಗ್ಗರಣೆ ಹಾಕುತ್ತಾ, ಇಸ್ತ್ರಿ ಮಾಡುತ್ತಾ, ಲಾರಿ ಓಡಿಸುತ್ತಾ ಕೇಳಿದವರು. ರೇಡಿಯೊ ಇದನ್ನು ಅರ್ಥಮಾಡಿಕೊಂಡಿತ್ತು. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲಿ ‘ಆಕಾಶವಾಣಿ’ ಶುರುಮಾಡಿದ್ದು ಇದೇ ಮೈಸೂರಿನಲ್ಲಿ. ರಾಯರ ವಾಕಿಂಗ್ ಹಾದಿಯಲ್ಲೇ ಯಾದವಗಿರಿಯ ಆಕಾಶವಾಣಿ ನಿಲಯವೂ ಸಿಗುತ್ತದೆ. ಅದರ ಗೇಟಿನ ಮುಂದೆಯೇ ತಮ್ಮ ಫೋನು ಹೆಚ್ಚು ಸಲ ಮೂಕವಾಗುತ್ತದೆಂದು ರಾಯರ ದೂರು. ಇದಕ್ಕೆ ವೈಜ್ಞಾನಿಕ ಆಧಾರವೇನೂ ಇಲ್ಲ. ಅವಮಾನ ನೆನಪಿನಲ್ಲಿ ಉಳಿಯುತ್ತದೆ, ಅಷ್ಟೆ.

ಫೋನಿನ ಲೆಕ್ಕದಲ್ಲಿ ಕಣ್ಣು ನೋಡುತ್ತಿರುವುದೇ ಕೆಲಸ. ಪರದೆಯ ಮೇಲೆ ಇರುವುದು ಬಳಕೆಯಲ್ಲಿದೆ. ಪರದೆಯಿಂದ ಜಾರಿದ್ದು ಹೆಚ್ಚು ಕಡಿಮೆ ಬೇಡವಾದದ್ದು. ಕಿವಿಗೆ ಅಲ್ಲಿ ಎರಡನೆಯ ದರ್ಜೆ. ಅದೂ ಸುಲಭವಾಗಿ ಸಿಕ್ಕ ದರ್ಜೆಯಲ್ಲ. 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಪರದೆಯ ಹಿಂದೆ ಹಾಡಿಕೊಂಡಿರುವ ಭಾಗ್ಯ ಆಪಲ್ ಕಂಪನಿಯ ಸ್ವಂತ ಸಂಗೀತದ ಆ್ಯಪ್‌ಗೆ ಮಾತ್ರ ಇತ್ತು. ಹೊರಗಿನವರ ಆ್ಯಪ್‌ಗಳಿಗೆ ಆ ಅವಕಾಶ ಸಿಕ್ಕಿದ್ದು 2010ರಲ್ಲಿ, ಐಓಎಸ್ 4 ಬಂದ ಮೇಲೆ. ಅದರಲ್ಲೂ ಹಳೆಯ ಐಫೋನ್ 3ಜಿ ಇದ್ದವರಿಗೆ ಹೊಸ ಐಓಎಸ್ ಸಿಕ್ಕಿತೇ ಹೊರತು ಈ ಸೌಲಭ್ಯ ಸಿಗಲಿಲ್ಲ. ಆ ಫೋನಿಗಿದ್ದ ರ್‍ಯಾಮ್ 128 ಎಂಬಿ. ಇತ್ತ ನಮ್ಮೂರಿನಲ್ಲಿ ಅದೇ ಕಾಲಕ್ಕೆ, ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಸಿಕೊಂಡು ಬಂದವರು, ಬಟನ್ ಫೋನಿನಲ್ಲಿ ಹಾಡು ಹಚ್ಚಿ ಹಾವಿನ ಆಟ ಆಡುತ್ತಾ ಬಸ್ಸಿನಲ್ಲಿ ನಿದ್ದೆಹೋಗುತ್ತಿದ್ದರು. ಊರು ಬಂದಾಗಲೂ ಹಾಡು ನಡೆಯುತ್ತಲೇ ಇರುತ್ತಿತ್ತು.

ರಾಯರು ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಮನುಷ್ಯ. ಊಹಾಪೋಹ ಅವರಿಗೆ ಹಿಡಿಸುವುದಿಲ್ಲ. ಹಳೆಯ ಡೈರಿಯೊಂದರಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದರು: ದಿನಾಂಕ, ಗಂಟೆ, ಹಾಡು, ನಿಂತದ್ದು ಎಲ್ಲಿ, ಆಗ ಮಾಡುತ್ತಿದ್ದುದು ಏನು, ಷರಾ. ಷರಾ ಕಾಲಂನಲ್ಲಿ ಹೆಚ್ಚಾಗಿ “ಕಾರಣವಿಲ್ಲ” ಎಂದೇ ಇರುತ್ತಿತ್ತು. ರಜೆಗೆ ಬಂದ ಮೊಮ್ಮಗಳು ಇದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಗಂಭೀರವಾದಳು. ಎಂಜಿನಿಯರಿಂಗ್ ಓದುವ ಹುಡುಗಿ. ಲಾಗ್ ಎಂದರೆ ಏನೆಂದು ಗೊತ್ತು. “ತಾತ, ನಿಂತಿರೋದು ಒಂದೇ ಕಾರಣಕ್ಕಲ್ಲ. ಬೇರೆ ಬೇರೆ ರೋಗ ಇದೆ ಇಲ್ಲಿ” ಎಂದಳು. ರಾಯರಿಗೆ ಒಳಗೊಳಗೇ ಹೆಮ್ಮೆಯಾಯಿತು.

ಇ-ಪೇಪರ್ ಮತ್ತು ಕ್ಯಾಮೆರಾ ತೆರೆದಾಗ ನಿಂತದ್ದು ಮೊದಲ ರೋಗ. ರಾಯರ ಫೋನು ಮಗ ಬಳಸಿ ಬಿಟ್ಟುಕೊಟ್ಟದ್ದು, 3 ಜಿಬಿ ರ್‍ಯಾಮ್. ಅದರಲ್ಲಿ ದೊಡ್ಡ ಪಾಲು ಆಂಡ್ರಾಯ್ಡ್ ತಾನೇ ಇಟ್ಟುಕೊಳ್ಳುತ್ತದೆ. ಉಳಿದದ್ದರಲ್ಲಿ ಹಾಡಿನ ಆ್ಯಪ್, ವಾಟ್ಸ್‌ಆ್ಯಪ್, ಪಂಚಾಂಗ, ಬ್ಯಾಂಕಿನ ಆ್ಯಪ್ ಎಲ್ಲ ಬಾಳಬೇಕು. ಪತ್ರಿಕೆಯ ಇಡೀ ಪುಟವನ್ನು ಚಿತ್ರವಾಗಿ ಬಿಡಿಸಿ ತೋರಿಸುವ ಇ-ಪೇಪರ್, ಇಲ್ಲವೇ ಕ್ಯಾಮೆರಾ ಬಂದು ನಿಂತರೆ ಯಾರಾದರೂ ಎದ್ದುಹೋಗಲೇಬೇಕು. ಯಾರು ಏಳಬೇಕೆಂದು ತೀರ್ಮಾನಿಸಲು ಆಂಡ್ರಾಯ್ಡ್ ಪ್ರತಿಯೊಂದು ಆ್ಯಪ್‌ಗೂ ಒಂದು ಅಂಕಿ ಕೊಟ್ಟಿರುತ್ತದೆ. ಈಗ ಕಣ್ಣೆದುರು ಇರುವುದಕ್ಕೆ 0. ಅರ್ಧ ಕಾಣುತ್ತಿರುವುದಕ್ಕೆ 100. ಕಾಣುವುದಿಲ್ಲ ಆದರೆ ಇದೆಯೆಂದು ಗೊತ್ತಾಗುತ್ತದೆ ಎಂಬಂಥದ್ದಕ್ಕೆ 200. ಹಿಂದೆ ಹಾಡುತ್ತಿರುವ ಸಂಗೀತ ಈ ವರ್ಗದ್ದು. ಮುಖಪುಟಕ್ಕೆ 600, ಈಗಷ್ಟೇ ಬಿಟ್ಟುಬಂದ ಆ್ಯಪ್‌ಗೆ 700, ಎಂದೋ ತೆರೆದು ಮರೆತವುಗಳಿಗೆ 900ರ ಮೇಲೆ. ಅಂಕಿ ಹೆಚ್ಚಿದ್ದವರು ಮೊದಲು ಹೊರಗೆ. ಹಾಡಿಗೆ 200 ಎಂದರೆ ಗೌರವದ ಸ್ಥಾನವೇ. ಆದರೆ ಮೇಲಿನವರೆಲ್ಲ ಹೊರಗೆ ಹೋದ ಮೇಲೂ ಜಾಗ ಸಾಲದಿದ್ದರೆ ಸರದಿ ಅಲ್ಲಿಗೂ ಬರುತ್ತದೆ. 3 ಜಿಬಿ ಫೋನಿನಲ್ಲಿ ಅದು ಬೆಳಗಿನ ಕಾಫಿಗೆ ಮುಂಚೆಯೇ ಬರುತ್ತದೆ.

ಈ 200 ಕೂಡ ಕೇಳಿದವರಿಗೆ ಮಾತ್ರ. ಹಾಡಿನ ಆ್ಯಪ್ ತಾನು ಕೆಲಸದಲ್ಲಿದ್ದೇನೆ ಎಂದು ಫೋನಿಗೆ ಮೊದಲೇ ತಿಳಿಸಿ, ಪರದೆಯ ಮೇಲ್ಗಡೆ ಒಂದು ನೋಟಿಫಿಕೇಶನ್ ಹಾಕಿ ಇಟ್ಟಿರಬೇಕು. ಹಾಡಿನ ಹೆಸರು, ಹಿಂದೆ-ಮುಂದೆ ಹೋಗುವ ಗುಂಡಿ ಇರುವ ಆ ಪಟ್ಟಿ ಅಲಂಕಾರಕ್ಕಲ್ಲ. ಸಿಟಿ ಬಸ್ಸಿನ ಟಿಕೆಟ್ಟು ಅದು. ಟಿಕೆಟ್ ಇದ್ದವರನ್ನು ಕಂಡಕ್ಟರು ಕೂರಲು ಬಿಡುತ್ತಾನೆ, ಇಲ್ಲದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಾನೆ. 2017ರ ಆಂಡ್ರಾಯ್ಡ್ 8ರಿಂದ ಈ ಕಂಡಕ್ಟರು ಬಹಳ ಕಟ್ಟುನಿಟ್ಟು. ಅರೆಬರೆ ಮಾಡಿದ, ಎಲ್ಲಿಂದಲೋ ಇಳಿಸಿಕೊಂಡ ಪ್ಲೇಯರುಗಳು ಟಿಕೆಟ್ ತೆಗೆಯದೆಯೇ ಹತ್ತುವುದುಂಟು. ರಾಯರ ಫೋನಿನಲ್ಲಿದ್ದ ಹಳೆಯ ಎಂಪಿ3 ಪ್ಲೇಯರು ಅಂಥದ್ದೇ. ಅದನ್ನು ಅವರು ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಒಂದೇ ಕಾರಣ, ಅದರ ಗುಂಡಿಗಳು ದೊಡ್ಡವು.

“ಅದ್ಸರಿ ತಾತ, ಈ ಬೂಸ್ಟರ್ ಅನ್ನೋದು ಯಾರು ಹಾಕಿದ್ದು?” ಎಂದಳು ಮೊಮ್ಮಗಳು.

ಹಾಕಿದ್ದು ವೈರಸ್ ಎಂದ ಪಕ್ಕದ ಮನೆಯವರು. ಫೋನು ಚುರುಕಾಗುತ್ತದೆಂದು ಹೇಳಿಕೊಳ್ಳುವ ಆ ಆ್ಯಪ್, ಒಂದು ರಾಕೆಟ್ಟಿನ ಚಿತ್ರ ಹಾರಿಸಿ, ಹಿಂದೆ ನಡೆಯುತ್ತಿದ್ದುದನ್ನೆಲ್ಲ ಗುಡಿಸಿಹಾಕಿ, ಇಷ್ಟು ಎಂಬಿ ಉಳಿಸಿದೆ ಎಂದು ಬೀಗುತ್ತಿತ್ತು. ಗುಡಿಸಿದ್ದರಲ್ಲಿ ಹಾಡೂ ಇರುತ್ತಿತ್ತು. ಹಾಡು ನಿಲ್ಲದಿರಲೆಂದು ಹಾಕಿಸಿಕೊಂಡದ್ದೇ ಹಾಡು ನಿಲ್ಲಿಸುತ್ತಿತ್ತು. ಅದು ಸಾಲದೆಂದು ರಾಯರಿಗೆ ಇನ್ನೊಂದು ಚಟ: ಗಳಿಗೆಗೊಮ್ಮೆ ಓಡುತ್ತಿರುವ ಆ್ಯಪ್‌ಗಳ ಸಾಲನ್ನು ತೆರೆದು ‘ಕ್ಲಿಯರ್ ಆಲ್’ ಒತ್ತುವುದು. ಸಂಜೆ ಮೇಜು ಖಾಲಿ ಮಾಡದೆ ಮನೆಗೆ ಹೋದ ಅಭ್ಯಾಸವೇ ಅವರಿಗಿಲ್ಲ. ಅರ್ಧ ಕರ್ನಾಟಕಕ್ಕೆ ಈ ಚಟವಿದೆ. ಅದರಿಂದ ಬ್ಯಾಟರಿ ಉಳಿಯುತ್ತದೆ, ಫೋನು ಹಗುರಾಗುತ್ತದೆ ಎಂಬುದು ನಂಬಿಕೆ. 2016ರಲ್ಲಿ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಗ್ರಾಹಕರೊಬ್ಬರ ಇಮೇಲ್‌ಗೆ ಉತ್ತರಿಸುತ್ತಾ, ಹಾಗೆ ಮಾಡುವ ಅಗತ್ಯವಿಲ್ಲ ಎಂದಿದ್ದರು. ಆಂಡ್ರಾಯ್ಡ್‌ನ ಹೊಣೆ ಹೊತ್ತಿದ್ದ ಹಿರೋಶಿ ಲಾಕ್‌ಹೈಮರ್ ಕೂಡ ಅದೇ ದಿನಗಳಲ್ಲಿ, ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚಿ ಲಾಭವಿಲ್ಲ, ನಷ್ಟವೇ ಆಗಬಹುದು ಎಂಬರ್ಥದ ಮಾತು ಹೇಳಿದರು. ಮುಚ್ಚಿದ್ದನ್ನು ಮತ್ತೆ ಮೊದಲಿನಿಂದ ತೆರೆಯಲು ಹೆಚ್ಚು ಶ್ರಮ ಬೇಕು. ಆದರೆ ಇದನ್ನು ರಾಯರಿಗೆ ಹೇಳಿದರೆ, “ಅವರ್ಗೇನಮ್ಮ, ಹೊಸ ಫೋನ್ ಇಟ್ಕೊಂಡಿರ್ತಾರೆ” ಎಂಬ ಉತ್ತರ ಬಂತು. ಆ ಉತ್ತರದಲ್ಲಿ ಸತ್ಯಾಂಶವೇ ಇಲ್ಲ ಎನ್ನಲಾಗದು.

ಜೇಬಿನಲ್ಲಿದ್ದಾಗ ನಿಂತದ್ದು ಬೇರೆ ರೋಗ. ಇದು ಬ್ಯಾಟರಿಯ ಜಿಪುಣತನ. ಮುಟ್ಟದೆ ಬಿಟ್ಟ ಫೋನನ್ನು ಗಾಢ ನಿದ್ದೆಗೆ ಕಳಿಸುವ ‘ಡೋಜ್’ ಎಂಬ ಏರ್ಪಾಟು 2015ರ ಆಂಡ್ರಾಯ್ಡ್ 6ರಲ್ಲಿ ಬಂತು. ಮರುವರ್ಷ ಜೇಬಿನಲ್ಲಿ ಅಲುಗಾಡುತ್ತಿದ್ದರೂ ಅರೆನಿದ್ದೆ ಎಂದಾಯಿತು. 2018ರಲ್ಲಿ ಆಂಡ್ರಾಯ್ಡ್ 9 ಪ್ರತಿಯೊಂದು ಆ್ಯಪ್ಪನ್ನೂ ನೀವು ಎಷ್ಟು ಬಳಸುತ್ತೀರಿ ಎಂಬುದರ ಮೇಲೆ ಗುಂಪು ಮಾಡಿ, ಅಪರೂಪದವರಿಗೆ ಕಡಿಮೆ ಕೂಳು ಹಾಕತೊಡಗಿತು. ಗೂಗಲ್ ಹಾಕಿದ ಈ ನಿಯಮಗಳಲ್ಲಿ ಟಿಕೆಟ್ ತೆಗೆದ ಹಾಡಿಗೆ ರಿಯಾಯಿತಿ ಇದೆ. ತೊಂದರೆ ಇರುವುದು ಅದರ ಮೇಲೆ ಫೋನ್ ತಯಾರಕರು ಸೇರಿಸುವ ಸ್ವಂತ ನಿಯಮಗಳಲ್ಲಿ. ಅಂಗಡಿಯಲ್ಲಿ ಗಿರಾಕಿ ಕೇಳುವುದು ಎಷ್ಟು ಎಂಎಎಚ್, ಎಷ್ಟು ದಿನ ಚಾರ್ಜ್ ನಿಲ್ಲುತ್ತದೆ ಎಂದು. ಹಿಂದೆ ಓಡುವವರನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಮಲಗಿಸಿದರೆ ಆ ಉತ್ತರ ಚೆನ್ನಾಗಿ ಬರುತ್ತದೆ. ಹಾಡು ಪೂರ್ತಿ ಕೇಳಿಸುತ್ತದೆ ಎಂದು ಯಾವ ಡಬ್ಬಿಯ ಮೇಲೂ ಅಚ್ಚು ಹಾಕಿದ್ದಿಲ್ಲ, ಹಾಕಿ ಎಂದು ಯಾರೂ ಕೇಳಿದ್ದೂ ಇಲ್ಲ.

ಇದಕ್ಕೆ ಮದ್ದು ಇದೆ, ಬಚ್ಚಿಟ್ಟ ಜಾಗದಲ್ಲಿ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಎಂಬಲ್ಲಿ ಹಾಡಿನ ಆ್ಯಪ್ ಹುಡುಕಿ, ಅದರೊಳಗೆ ಬ್ಯಾಟರಿ ಎಂಬುದನ್ನು ಒತ್ತಿದರೆ ಈಚಿನ ಫೋನುಗಳಲ್ಲಿ ಮೂರು ಆಯ್ಕೆ ಬರುತ್ತವೆ. ‘ಅನ್‌ರಿಸ್ಟ್ರಿಕ್ಟೆಡ್’ ಎಂಬುದನ್ನು ಆಯ್ದುಕೊಳ್ಳಬೇಕು. ಕೆಲವು ಕಂಪನಿಗಳವರು ಇದರ ಜೊತೆಗೆ ‘ಆಟೋಸ್ಟಾರ್ಟ್’ ಎಂದು ಇನ್ನೊಂದು ಗುಂಡಿ ಇಟ್ಟಿರುತ್ತಾರೆ, ಇನ್ನು ಕೆಲವರು ‘ಸ್ಲೀಪಿಂಗ್ ಆ್ಯಪ್ಸ್’ ಎಂಬ ಪಟ್ಟಿ ಇಟ್ಟಿರುತ್ತಾರೆ. ಹಾಡಿನ ಆ್ಯಪ್ ಆ ಪಟ್ಟಿಯಲ್ಲಿ ಮಲಗಿದ್ದರೆ ಎಬ್ಬಿಸಿ ಹೊರಗೆ ತರಬೇಕು. ಮೊಮ್ಮಗಳು ಇದನ್ನೆಲ್ಲ ಮಾಡಿದಾಗ ಫೋನು ಎಚ್ಚರಿಕೆ ಕೊಟ್ಟಿತು: ಬ್ಯಾಟರಿ ಹೆಚ್ಚು ಖರ್ಚಾಗಬಹುದು! ರಾಯರು ಗಾಬರಿಯಾದರು. ಪರದೆ ಆರಿಸಿ ಹಾಡು ಕೇಳುವುದಕ್ಕೆ ಹಿಡಿಯುವ ಬ್ಯಾಟರಿ, ಗುಂಪಿನಲ್ಲಿ ಬರುವ ಸುಪ್ರಭಾತದ ವಿಡಿಯೊಗಳನ್ನು ನೋಡುವುದಕ್ಕೆ ಹಿಡಿಯುವುದಕ್ಕಿಂತ ಎಷ್ಟೋ ಕಡಿಮೆ. ಫೋನಿನಲ್ಲಿ ಹೊಟ್ಟೆಬಾಕ ಎಂದರೆ ಪರದೆಯೇ. ಆ ವಿಡಿಯೊಗಳಿಗೆ ಮಾತ್ರ ಯಾವ ಎಚ್ಚರಿಕೆಯೂ ಇಲ್ಲ.

ಆ ವಿಡಿಯೊಗಳ ಮಾತು ಬಂದದ್ದು ಒಳ್ಳೆಯದಾಯಿತು, ಡೈರಿಯ ಬಹುಪಾಲು ಪುಟಗಳು ಅವಕ್ಕೇ ಮೀಸಲು. ಇಲ್ಲಿ ರ್‍ಯಾಮ್ ಕೊರತೆಯೂ ಇಲ್ಲ, ಬ್ಯಾಟರಿಯ ಜಿಪುಣತನವೂ ಇಲ್ಲ. ಫೋನಿಗೆ ಸ್ಪೀಕರು ಒಂದು, ಮಾತಾಡುವವರು ಹಲವರು. ಯಾರು ಮಾತಾಡಬೇಕು ಎಂಬುದಕ್ಕೆ 2010ರ ಆಂಡ್ರಾಯ್ಡ್ 2.2ರಿಂದ ‘ಆಡಿಯೊ ಫೋಕಸ್’ ಎಂಬ ಕಟ್ಟಲೆ ಇದೆ. ಸದ್ದು ಮಾಡಬೇಕೆನ್ನುವ ಆ್ಯಪ್ ಮೊದಲು ಕೇಳಿಕೊಳ್ಳಬೇಕು. ಕೇಳುವುದರಲ್ಲೂ ಮಟ್ಟಗಳಿವೆ. ದಾರಿ ತೋರಿಸುವ ಮ್ಯಾಪು ಬಹಳ ವಿನಯದ್ದು: “ಒಂದು ಮಾತು ಹೇಳಿ ಹೋಗ್ತೀನಿ, ನೀವು ಮೆಲ್ಲಗೆ ಹಾಡ್ತಾ ಇರಿ.” ಆಗ ಹಾಡಿನ ದನಿ ತಗ್ಗುತ್ತದೆ, ‘ಬಲಕ್ಕೆ ತಿರುಗಿ’ ಎಂದ ಮೇಲೆ ಏರುತ್ತದೆ. 2017ರಿಂದ ಈ ತಗ್ಗಿಸುವ ಕೆಲಸವನ್ನು ಆಂಡ್ರಾಯ್ಡ್ ತಾನೇ ಮಾಡುತ್ತದೆ. ಫೋನ್ ಕರೆ ಬಂದರೆ ಹಾಡು ಪೂರ್ತಿ ನಿಲ್ಲುತ್ತದೆ. ಆದರೆ ಅದು ತಾತ್ಕಾಲಿಕ ರಜೆ, ಕರೆ ಮುಗಿದ ಮೇಲೆ ಮರಳಿ ಬರುತ್ತದೆ. ಮೂರನೆಯದು ಮಾತ್ರ ಖಾಯಂ ವರ್ಗಾವಣೆ. ಒಂದು ವಿಡಿಯೊ ಆ್ಯಪ್ “ಇನ್ನು ಮುಂದೆ ಇಲ್ಲಿ ನಾನೇ” ಎಂದು ಕೇಳಿಕೊಂಡರೆ, ಹಾಡಿನ ಆ್ಯಪ್ ಗಂಟುಮೂಟೆ ಕಟ್ಟಬೇಕು. ವಿಡಿಯೊ ಮುಗಿದರೂ ಅದು ತಾನಾಗಿ ಮರಳುವುದಿಲ್ಲ. ಮರಳಬಾರದು ಎಂಬುದೇ ನಿಯಮ.

ಕೆಡುಕು ನಿಯಮದಲ್ಲಿಲ್ಲ, ಎಲ್ಲಿ ಏನು ಕೇಳಿಕೊಳ್ಳಬೇಕೆಂಬ ಬುದ್ಧಿ ಆ್ಯಪ್ ಬರೆದವರಿಗೆ ಬಿಟ್ಟದ್ದರಲ್ಲಿದೆ. ಹದಿನೈದು ಸೆಕೆಂಡಿನ, ಬೆಕ್ಕೊಂದು ಟೊಮ್ಯಾಟೊ ನೋಡಿ ಹೆದರುವ ವಿಡಿಯೊ ಖಾಯಂ ಹಕ್ಕು ಕೇಳುತ್ತದೆ, ಜಿ.ಕೆ. ವೆಂಕಟೇಶರ ಸಂಗೀತ ಎದ್ದು ಹೋಗುತ್ತದೆ. ಹಳೆಯ ಫೋನುಗಳಲ್ಲಿ ಈ ಕಟ್ಟಲೆಯೂ ಸೌಜನ್ಯದ ಮೇಲೆ ನಿಂತದ್ದಾಗಿತ್ತು: ಎದ್ದೇಳು ಎಂದರೆ ಏಳಬೇಕೆಂಬ ಬಲವಂತವಿರಲಿಲ್ಲ. ಅದರಿಂದಲೇ ಒಮ್ಮೊಮ್ಮೆ ವಿಷ್ಣು ಸಹಸ್ರನಾಮವೂ ಟ್ರ್ಯಾಕ್ಟರ್ ಜಾಹೀರಾತೂ ಒಟ್ಟಿಗೇ ಕೇಳಿಸುತ್ತಿದ್ದವು. 2021ರ ಆಂಡ್ರಾಯ್ಡ್ 12 ಬಂದ ಮೇಲೆ ಫೋನೇ ಹಿಂದಿನವರ ದನಿಯನ್ನು ಇಳಿಸಿ ಅಡಗಿಸುತ್ತದೆ. ಶಿಸ್ತು ಬಂತು, ಎದ್ದು ಹೋಗುವುದು ಮಾತ್ರ ಈಗಲೂ ಹಾಡೇ.

ಈ ವಿಷಯದಲ್ಲಿ ಹಳಬರೇ ಜಾಣರು. 1979ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮೊದಲ ವಾಕ್‌ಮನ್‌ಗೆ ಇಬ್ಬರು ಕೇಳಲು ಎರಡು ತೂತು ಇದ್ದವು, ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದರೆ ಹಾಡು ತಗ್ಗಿ, ಯಂತ್ರದ ಮೈಕಿನ ಮೂಲಕ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಗುಂಡಿ ಬಿಟ್ಟರೆ ಹಾಡು ಮೊದಲಿನಂತೆ. ಯಾವಾಗ ತಗ್ಗಿಸಬೇಕು ಎಂಬುದು ಕೇಳುಗನ ಬೆರಳಿನಲ್ಲಿತ್ತು.

ಐಫೋನ್ ಇಟ್ಟುಕೊಂಡವರು ಇಷ್ಟು ಓದಿ ಮುಗುಳ್ನಗುವುದು ಬೇಡ. ಅಲ್ಲಿಯೂ ಕ್ಯಾಮೆರಾದಲ್ಲಿ ವಿಡಿಯೊ ಕಡೆಗೆ ಸರಿದರೆ ಹಾಡು ನಿಂತ ಅನುಭವ ಬಹಳ ಜನರಿಗಿದೆ.

ಇನ್ನು ಕಿವಿಗೆ ಸಿಕ್ಕಿಸುವ ಸಾಮಾನುಗಳು. ರಾಯರು ವೈರಿನ ಇಯರ್‌ಫೋನ್ ಕಾಲದಲ್ಲಿ ಪಟ್ಟ ಪಾಡಿಗೆ ಕಾಳಿದಾಸ ರಸ್ತೆಯ ಮೊಬೈಲ್ ರಿಪೇರಿ ಹುಡುಗ ಪರಿಹಾರ ಕಂಡುಹಿಡಿದಿದ್ದ. ಫೋನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಜ್ಯಾಕಿನ ತೂತಿಗೆ ಹಲ್ಲುಕಡ್ಡಿ ಇಳಿಸಿ ನಿಧಾನಕ್ಕೆ ತಿರುವಿದ. ಬೂದು ಬಣ್ಣದ ಒಂದು ನೂಲಿನ ಉಂಡೆ ಹೊರಬಂತು. ಪ್ಯಾಂಟಿನ ಜೇಬಿನ ಒಳಬಟ್ಟೆಯ ಎಳೆಗಳು ವರ್ಷಗಟ್ಟಲೆ ಒತ್ತಿಕೊಂಡು ಆದದ್ದು. “ಇದೇ ಅಂಕಲ್ ನಿಮ್ಮ ಹಾಡು ನಿಲ್ಲಿಸ್ತಾ ಇದ್ದದ್ದು” ಎಂದು ಅಂಗೈ ಮೇಲೆ ಇಟ್ಟು ತೋರಿಸಿದ. ದುಡ್ಡು ತಗೊಳ್ಳಲಿಲ್ಲ. ಆ ಉಂಡೆಯಿಂದಾಗಿ ಪಿನ್ನು ಪೂರ್ತಿ ಕೂರುತ್ತಿರಲಿಲ್ಲ. ನಡೆಯುವಾಗ ಒಂಚೂರು ಸಡಿಲವಾದರೆ ಇಯರ್‌ಫೋನ್ ಕಿತ್ತಿದ್ದಾರೆ ಎಂದು ಫೋನು ತಿಳಿಯುತ್ತದೆ, ಆ ಸಂಗತಿಯನ್ನು ಹಾಡಿನ ಆ್ಯಪ್‌ಗೆ ಹೇಳುತ್ತದೆ, ಆ್ಯಪ್ ಹಾಡು ನಿಲ್ಲಿಸುತ್ತದೆ. ಇದು ಬೇಕೆಂದೇ ಮಾಡಿದ ಉಪಕಾರ. ಆಸ್ಪತ್ರೆಯ ವರಾಂಡದಲ್ಲಿ ಪಿನ್ನು ಕಳಚಿ, ಐಟಂ ಸಾಂಗು ಸ್ಪೀಕರಿನಲ್ಲಿ ಮೊಳಗಿದರೆ ಏನಾಗುತ್ತದೆಂದು ಯೋಚಿಸಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಬ್ಲೂಟೂತ್ ಬಂದ ಮೇಲೆ ನೂಲಿನ ಉಂಡೆ ಹೋಯಿತು, ಬೇರೆ ಸಂಗತಿಗಳು ಬಂದವು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಮನೆಯ ವೈಫೈ ಎಷ್ಟೋ ಸಲ ಅಲ್ಲೇ, ಮೈಕ್ರೋವೇವ್ ಒಲೆಯೂ ಅಲ್ಲೇ. ಗುದ್ದಾಟ ತಪ್ಪಿಸಲು ಅದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತಿರುತ್ತದೆ. ಹಾಗಿದ್ದೂ ಮನುಷ್ಯನ ಮೈ ಅದಕ್ಕೆ ಅಡ್ಡಿಯೇ, ಮೈಯಲ್ಲಿ ಹೆಚ್ಚಿನದು ನೀರು, ನೀರು ಈ ಅಲೆಗಳನ್ನು ಹೀರುತ್ತದೆ. ಫೋನು ಎಡಗಡೆ ಜೇಬಿನಲ್ಲಿ, ಸಂಕೇತ ಹಿಡಿಯುವ ಇಯರ್‌ಬಡ್ ಬಲಗಿವಿಯಲ್ಲಿ, ನಡುವೆ ರಾಯರ ಹೊಟ್ಟೆ. ಬಲಜೇಬಿಗೆ ಬದಲಾಯಿಸಿದಾಗ ಮುರಿಮುರಿ ಸದ್ದು ಕಡಿಮೆಯಾಯಿತು. ಹೊಟ್ಟೆಯ ಬಗ್ಗೆ ಮೊಮ್ಮಗಳು ಏನೂ ಹೇಳಲಿಲ್ಲ, ಹೆಂಡತಿ ಹೇಳಿದರು.

ಮೊಮ್ಮಗಳ ಇಯರ್‌ಬಡ್ಸ್‌ಗೆ ಇನ್ನೂ ನಾಜೂಕಿನ ರೋಗ. ಅದು ಒಂದೇ ಹೊತ್ತಿಗೆ ಫೋನಿಗೂ ಲ್ಯಾಪ್‌ಟಾಪಿಗೂ ಅಂಟಿಕೊಳ್ಳುವಂಥದ್ದು. ರೂಮಿನಲ್ಲಿದ್ದ ಲ್ಯಾಪ್‌ಟಾಪಿಗೆ ಕಾಲೇಜಿನ ಇಮೇಲ್ ಬಂದು ಟಿಂಗ್ ಎಂದರೆ ಅಡುಗೆಮನೆಯಲ್ಲಿದ್ದ ಅವಳ ಹಾಡು ನಿಲ್ಲುತ್ತಿತ್ತು. ಅಜ್ಜಿ ಕರೆದರೆಂದು ಒಂದು ಕಿವಿಯಿಂದ ತೆಗೆದರೆ ಅದರೊಳಗಿನ ಸೆನ್ಸರು ಹಾಡು ನಿಲ್ಲಿಸುತ್ತಿತ್ತು. ಜಾರಿದ್ದನ್ನು ಸರಿಮಾಡಲು ಬೆರಳು ಮುಟ್ಟಿಸಿದರೆ ಮುಂದಿನ ಹಾಡಿಗೆ ಹೋಗುತ್ತಿತ್ತು. ಲ್ಯಾಪ್‌ಟಾಪ್ ಮೀಟಿಂಗಿನಲ್ಲಿ ಮೈಕು ತೆರೆದರಂತೂ ಬ್ಲೂಟೂತ್ ಕೇಳಿಸುವ ಕ್ರಮದಿಂದ ಮಾತಾಡುವ ಕ್ರಮಕ್ಕೆ ಇಳಿದು, ಎಸ್. ಜಾನಕಿಯವರ ದನಿ ಟ್ರಂಕ್ ಕಾಲ್‌ನಲ್ಲಿ ಬಂದಂತೆ ಕೇಳುತ್ತಿತ್ತು. ಇದಕ್ಕೆಲ್ಲ ಸೆಟ್ಟಿಂಗ್ ಇದೆ: ಎರಡು ಕಡೆ ಅಂಟುವುದನ್ನು ಆರಿಸಬಹುದು, ಕಿವಿ ಗುರುತಿಸುವುದನ್ನು ಆರಿಸಬಹುದು, ಮುಟ್ಟುವುದನ್ನು ಆರಿಸಬಹುದು. ಮೂರನ್ನೂ ಆರಿಸಿದ ಮೇಲೆ ಉಳಿಯುವುದು ಮೊದಲಿನ ಇಯರ್‌ಫೋನೇ, ಬೆಲೆ ಮಾತ್ರ ಹತ್ತು ಪಟ್ಟು.

ಕುಕ್ಕೆಗೆ ರೈಲಿನಲ್ಲಿ ಹೋದಾಗ ಹಾಡು ಗಳಿಗೆಗೊಮ್ಮೆ ನಿಂತಿತೆಂದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಸುರಂಗದಲ್ಲಿ ನೆಟ್‌ವರ್ಕ್ ಇರದು. ಘಾಟಿಯಲ್ಲಿ ಸುರಂಗದ ಹೊರಗೂ ಇರುವುದು ಅಪರೂಪ. ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಂಡರೆ ಇಡೀ ಘಾಟಿ ಇಳಿಯುವವರೆಗೆ ಹಾಡುತ್ತಲೇ ಇರುತ್ತದೆ. ಆ ಘಾಟಿಯಲ್ಲಿ ಹಾಡು ಕೇಳಬೇಕೇ ಎಂಬುದು ಬೇರೆ ಪ್ರಶ್ನೆ. ಮಳೆಗಾಲದಲ್ಲಿ ಹೋದವರು ಬೇಡ ಎನ್ನುತ್ತಾರೆ.

ಹಾಡನ್ನು ವಿಡಿಯೊ ಆಗಿ ಕೇಳುವವರ ಗೋಳಿಗೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ಉಚಿತ ಯೂಟ್ಯೂಬ್‌ನಲ್ಲಿ ಹಾಡು ಹಚ್ಚಿ ಪರದೆ ಆರಿಸಿದರೆ ಹಾಡು ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಹಾಗೇ ಮಾಡಿದ್ದು. ಪರದೆ ಆರಿದ ಮೇಲೂ ಹಾಡು ಬೇಕಿದ್ದರೆ ಪ್ರೀಮಿಯಂ ಕೊಳ್ಳಬೇಕು. 2019ರ ಮಾರ್ಚ್‌ನಿಂದ ಅದು ಭಾರತದಲ್ಲಿದೆ. ಜಾಹೀರಾತು ನೋಡುವ ಕಣ್ಣಿಗೆ ಬೆಲೆ ಇದೆ, ಕೇಳುವ ಕಿವಿಗೆ ಬಾಡಿಗೆ ಇದೆ. ತಿಂಗಳಿಗಿಷ್ಟು ಎಂದು ನೇರವಾಗಿ ಹೇಳುತ್ತಾರಲ್ಲ, ಅಷ್ಟಾದರೂ ಪ್ರಾಮಾಣಿಕತೆ ಇದೆ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಸದ್ದಿಲ್ಲದೆ ಕತ್ತು ಹಿಸುಕುವವರಿಗಿಂತ ವಾಸಿ.

ಎಲ್ಲ ಮಾಡಿಯೂ ಬೆಳಗಿನ ಆರರ ಹಾಡು ನಿಲ್ಲುವುದು ತಪ್ಪಲಿಲ್ಲ. ಬೂಸ್ಟರ್ ತೆಗೆದಾಗಿತ್ತು, ಬ್ಯಾಟರಿಯ ಬೀಗ ಬಿಚ್ಚಿಯಾಗಿತ್ತು, ಜೇಬು ಬದಲಾಗಿತ್ತು. ಆದರೂ ವಾಕಿಂಗ್ ಹೊರಟು ಸ್ವಲ್ಪ ಹೊತ್ತಿಗೆ ನಿಲುಗಡೆ, ವಾರದಲ್ಲಿ ಕೆಲವು ದಿನ ಮಾತ್ರ. ಮೊಮ್ಮಗಳು ಡೈರಿಯ ದಿನಾಂಕಗಳನ್ನು ಕ್ಯಾಲೆಂಡರಿಗೆ ಹೊಂದಿಸಿ ನೋಡಿದಳು. ಮಂಗಳವಾರದಿಂದ ಶನಿವಾರದವರೆಗೆ ನಿಂತಿದೆ; ಭಾನುವಾರ, ಸೋಮವಾರ ಬೆಳಿಗ್ಗೆ ನಿಂತದ್ದೇ ಇಲ್ಲ.

“ತಾತ, ನಿಂತಾಗ ಪರದೆ ಮೇಲೆ ಏನಾದ್ರೂ ಬರೆದು ಬರತ್ತಾ?”

“ಏನೋ ಬರತ್ತಮ್ಮ. ವಾಕಿಂಗ್‌ಗೆ ಕನ್ನಡಕ ಯಾರು ಹಾಕ್ಕೊಂಡು ಹೋಗ್ತಾರೆ? ಕ್ಯಾನ್ಸಲ್ ಒತ್ತಿಬಿಡ್ತೀನಿ.”

ಬರುತ್ತಿದ್ದುದು ಇಷ್ಟು: ಈ ಖಾತೆಯಲ್ಲಿ ಬೇರೊಂದು ಫೋನಿನಲ್ಲಿ ಹಾಡು ನಡೆಯುತ್ತಿದೆ. ವಾಕಿಂಗಿನಲ್ಲಿ ರಾಯರು ಹಚ್ಚುತ್ತಿದ್ದ ಹಾಡಿನ ಆ್ಯಪ್‌ಗೆ ಚಂದಾ ಕಟ್ಟುತ್ತಿದ್ದುದು ಸಿಯಾಟಲ್‌ನಲ್ಲಿರುವ ಮಗ. ಅಪ್ಪನ ಫೋನಿಗೂ ತನ್ನ ಖಾತೆಯನ್ನೇ ಹಾಕಿಕೊಟ್ಟು ಹೋಗಿದ್ದ. ಒಬ್ಬರ ಚಂದಾಕ್ಕೆ ಒಂದು ಹೊತ್ತಿಗೆ ಒಂದೇ ಕಡೆ ಹಾಡು. ಇಲ್ಲಿ ಬೆಳಿಗ್ಗೆ ಆರಾದಾಗ ಬೇಸಿಗೆಯ ಗಡಿಯಾರದ ಪ್ರಕಾರ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಮಗ ಆಫೀಸು ಬಿಟ್ಟು ಕಾರು ಹತ್ತಿ, ಅಮೆರಿಕದ ಟ್ರಾಫಿಕ್ಕಿನಲ್ಲಿ ಬೇಜಾರು ಕಳೆಯಲು ಅದೇ ಪಿ.ಬಿ. ಶ್ರೀನಿವಾಸರನ್ನು ಹಚ್ಚುತ್ತಿದ್ದ. ಚೆಲುವಾಂಬ ಪಾರ್ಕಿನಲ್ಲಿ ಹಾಡು ನಿಲ್ಲುತ್ತಿತ್ತು. ರಾಯರು ಸಿಡಿಮಿಡಿಗೊಂಡು ಮತ್ತೆ ಪ್ಲೇ ಒತ್ತಿದರೆ ಸಿಯಾಟಲ್‌ನ ಕಾರಿನಲ್ಲಿ ನಿಲ್ಲುತ್ತಿತ್ತು. ಮಗ ಕಂಪನಿಗೆ ಎರಡು ಸಲ ದೂರು ಬರೆದಿದ್ದಾನೆಂಬುದು ಆಮೇಲೆ ತಿಳಿಯಿತು.

ಫ್ಯಾಮಿಲಿ ಪ್ಲಾನ್ ತಗೊಳ್ಳೋಣವೆಂದರೆ, ಇಂಥ ಹಲವು ಸೇವೆಗಳಲ್ಲಿ ಮನೆಮಂದಿಯೆಲ್ಲ ಒಂದೇ ವಿಳಾಸದಲ್ಲಿ ಇರಬೇಕೆಂಬ ಷರತ್ತು ಇದೆ. ಕನ್ನಡಿಗರ ಎಷ್ಟು ಕುಟುಂಬಗಳು ಈಗ ಆ ಷರತ್ತಿಗೆ ಒಪ್ಪುತ್ತವೆ ಎಂದು ಅವರು ಲೆಕ್ಕ ಹಾಕಿದಂತಿಲ್ಲ. ಕೊನೆಗೆ ಅಪ್ಪನ ಹೆಸರಿನಲ್ಲಿ ಬೇರೆ ಚಂದಾ ಆಯಿತು. ಡೈರಿಯ ಆ ದಿನದ ಷರಾ: “ಕಾರಣ, ಚಿರಂಜೀವಿ.”

ಹೊಸ ಫೋನು ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ಕ್ಯಾಮೆರಾ ತೆರೆದು ಮಾರುವ ಹುಡುಗನ ಮುಖದ ಫೋಟೊ ತೆಗೆದು ನೋಡುವುದು ಸಾಕು. ಬದಲಿಗೆ ಒಂದು ಹಾಡು ಹಚ್ಚಿ, ಮ್ಯಾಪು ತೆರೆಯಿರಿ, ಕ್ಯಾಮೆರಾ ತೆರೆದು ಮುಚ್ಚಿ, ಪರದೆ ಆರಿಸಿ ಮೇಜಿನ ಮೇಲಿಟ್ಟು, ಅಂಗಡಿಯವರು ತರಿಸಿದ ಕಾಫಿಯನ್ನು ನಿಧಾನವಾಗಿ ಕುಡಿಯಿರಿ. ಎರಡನೆಯ ಚರಣವೂ ಕೇಳಿಸಿದರೆ ದುಡ್ಡು ಕೊಡಿ.